ಗಿಪ್ಸ್‌ಲ್ಯಾಂಡಿನ ಎರಡು ಬಗೆಯ ಗಾಡಿಗಳು

ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ, ಮೆಲ್ಬರ್ನ್ ನಗರಕ್ಕೆ ಪೂರ್ವವಾಗಿ, ಗಿಪ್ಸ್‌ಲ್ಯಾಂಡ್ ಎಂಬ ಹಸುರು ಸೀಮೆಯೊಂದುಂಟು. ಹೈನುಗಾರಿಕೆಯು ಅಲ್ಲಿಯ ರೈತರ ಮುಖ್ಯ ಕಸಬುಗಳಲ್ಲೊಂದು. ಊರಿಂದೂರಿಗೆ ದೂರ ಹೆಚ್ಚಾದುದರಿಂದ, ನಮ್ಮ ಹಳ್ಳಿಗಳಲ್ಲಿ ಹಿಂದೆ ಎತ್ತಿನ ಗಾಡಿಯಿದ್ದಂತೆ, ಅಲ್ಲಿ ಮೋಟಾರು ಗಾಡಿಯು ಸಂಸಾರದ ಒಂದು ಅಂಗವೇ ಆಗಿದೆ. ನಾವು ಅಲ್ಲಿದ್ದ ದಿನಗಳಲ್ಲಿ ಎರಡು ಬಗೆಯ ಗಾಡಿಗಳು ನಮ್ಮ ಗಮನವನ್ನು ಸೆಳೆದುವು.

ಮೊದಲನೆಯದು ಸ್ಟೇಷನ್ ವ್ಯಾಗನ್. ಅಮೆರಿಕದಲ್ಲಿ ರೈಲು ನಿಲ್ದಾಣದಲ್ಲಿಳಿದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಮನೆಗೆ ತಲಪಿಸುತ್ತಿದ್ದುದರಿಂದ ಇದಕ್ಕೆ ಈ ಹೆಸರು ಬಂದಿತು. ಇದರ ಚಾವಣಿ ಹಿಂಬದಿಯವರೆಗೂ ಚಾಚಿರುತ್ತದೆ. ಹಿಂದಿನ ಆಸನವನ್ನು ಮಡಚಿದರೆ ಸಾಮಾನಿಗೆ ವಿಶಾಲವಾದ ಸ್ಥಳ ದೊರೆಯುತ್ತದೆ.

ಎರಡನೆಯದು ಮುಂದೆ ಆಸನ, ಹಿಂದೆ ತೆರೆದ ತೊಟ್ಟಿಯುಳ್ಳ ಪಿಕಪ್. ಅಲ್ಲಿಯವರು ಇದನ್ನು ‘ಯೂಟ್’ ಎನ್ನುವರು. ಇದರ ಹುಟ್ಟಿಗೆ ಆ ಸೀಮೆಯ ಗೃಹಿಣಿಯೊಬ್ಬಳೇ ಕಾರಣಳೆಂಬುದು ಪ್ರತೀತಿ. ಭಾನುವಾರ ಇಗರ್ಜಿಗೆ ಹೋಗುವುದಕ್ಕೂ ಸೋಮವಾರ ಹಂದಿಗಳನ್ನು ಸಂತೆಗೆ ಸಾಗಿಸುವುದಕ್ಕೂ ಒದಗುವ ಒಂದೇ ಗಾಡಿ ಬೇಕೆಂದು ಆಕೆ ೧೯೩೨ರಲ್ಲಿ ಫೋರ್ಡ್ ಸಂಸ್ಥೆಗೆ ಪತ್ರ ಬರೆದಳಂತೆ. ಜೀಲಾಂಗ್ ಪಟ್ಟಣದ ಕಾರ್ಖಾನೆಯಲ್ಲಿದ್ದ ಲೂಯಿಸ್ ಬ್ಯಾಂಟ್ ಎಂಬ ತರುಣನು ಅಂತಹ ಗಾಡಿಯನ್ನು ರೂಪಿಸಿದನು. ಅದು ೧೯೩೪ರಲ್ಲಿ ಹೊರಬಂದಿತು.

ಆ ಸೀಮೆಯಲ್ಲೇ ನೆಲಸಿರುವ ನಮ್ಮ ತಂಗಿಯ ಸಂಸಾರಕ್ಕೆ ಹಳೆಯ ಗಾಡಿಯೊಂದನ್ನು ಕೊಳ್ಳಬೇಕಾಗಿದ್ದಿತು. ಕೈಯಲ್ಲಿದ್ದ ಹಣ ಒಂದೇ ಗಾಡಿಗೆ ಸಾಕು. ಭಾವನವರು ವಾರಕ್ಕೊಮ್ಮೆ ಸೊಪ್ಪು ತರಕಾರಿಗಳನ್ನು ಪೇಟೆಗೆ ಒಯ್ಯುವವರು; ಅವರ ಮನಸ್ಸು ಯೂಟಿನ ಮೇಲೆ. ಮಣ್ಣು, ಗೊಬ್ಬರ ಏನನ್ನು ತುಂಬಿದರೂ ತೊಟ್ಟಿಯನ್ನು ತೊಳೆದರಾಯಿತು. ಆದರೆ ಅವರು ನೋಡಿಟ್ಟಿದ್ದ ಯೂಟಿನಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ತೊಟ್ಟಿಯಲ್ಲಿ ಜನರನ್ನು ಕೂರಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಎರಡು ಸಾಲು ಆಸನಗಳುಳ್ಳವುಗಳಿಗೆ ಬೆಲೆ ಹೆಚ್ಚು, ತೊಟ್ಟಿ ಗಿಡ್ಡ. ಮನೆಯಲ್ಲಿಯೋ ಇಬ್ಬರು ಮಕ್ಕಳು, ಆಗಾಗ ವೈದ್ಯರಲ್ಲಿಗೆ ಹೋಗಬೇಕಾದ ವೃದ್ಧೆ ಅತ್ತೆಯವರು.

ವಾದವು ಎರಡು ದಿನ ನಡೆಯಿತು. ಕೊನೆಗೆ ಅತ್ತೆಯವರು, “ಸೊಪ್ಪನ್ನು ಬೇಕಾದರೆ ಎರಡು ಪಾಲು ಮಾಡಿ ಎರಡು ಸಲ ಒಯ್ಯಪ್ಪಾ, ನನ್ನನ್ನು ಹಾಗೆ ಒಯ್ಯಲಾದೀತೆ?” ಎಂದರು. ಎಲ್ಲರೂ ನಕ್ಕರು; ವ್ಯಾಗನ್ನೇ ನಿಶ್ಚಯವಾಯಿತು.

ಹಳೆಯ ಗಾಡಿಯನ್ನು ಕೊಳ್ಳುವವರು ಅದು ಹಿಂದೆ ಮಾಡಿದ ಕೆಲಸವನ್ನು ಅದರ ಮೈಯಲ್ಲೇ ಓದಬೇಕು. ಪಿಕಪ್ಪಿನಲ್ಲಿ ತೊಟ್ಟಿಯ ತಗ್ಗುಗಳನ್ನೂ ಭಾರ ಹೊತ್ತು ಕುಸಿದ ಹಿಂದಿನ ಸ್ಪ್ರಿಂಗುಗಳನ್ನೂ ನೋಡತಕ್ಕದ್ದು. ವ್ಯಾಗನ್ನಿನಲ್ಲಿ ಹಿಂಬದಿಯ ಹಾಸನ್ನು ಎತ್ತಿ ತುಕ್ಕನ್ನೂ, ಹಿಂಬಾಗಿಲ ಸಂದಿನಲ್ಲಿ ನೀರು ಇಳಿದ ಗುರುತನ್ನೂ ಹುಡುಕತಕ್ಕದ್ದು. ವಿಕ್ಟೋರಿಯಾ ಪ್ರಾಂತದಲ್ಲಿ ಹಳೆಯ ಗಾಡಿಯು ಕೈ ಬದಲಾಗುವಾಗ ಸುರಕ್ಷತೆಯ ಪರೀಕ್ಷಾಪತ್ರ ಬೇಕಾಗುತ್ತದೆ. ಅದು ಬ್ರೇಕು, ಚಕ್ರ ಮುಂತಾದವುಗಳಿಗೆ ಸಂಬಂಧಪಟ್ಟುದೇ ಹೊರತು ಎಂಜಿನ್ನಿನ ಆಯುಸ್ಸಿಗೆ ಹೊಣೆಯಲ್ಲ. ವ್ಯಾಗನ್ನಿನಲ್ಲಿ ಸಾಮಾನೂ ಜನರೂ ಒಂದೇ ಸೂರಿನಡಿ ಇರುವುದರಿಂದ ಭಾರದ ಪೆಟ್ಟಿಗೆಗಳನ್ನು ಬಿಗಿದು ಕಟ್ಟದಿದ್ದರೆ ಅಪಾಯ. ಬರಿದಾದ ಪಿಕಪ್ಪಿಗೆ ಹಿಂಬದಿ ಹಗುರ. ಮಳೆಯ ರಸ್ತೆಯಲ್ಲಿ ಜಾರೀತು.

ಫೋರ್ಡ್ ಸಂಸ್ಥೆಯು ೨೦೧೬ರಲ್ಲಿ ಆಸ್ಟ್ರೇಲಿಯಾದಲ್ಲಿ ಗಾಡಿಗಳನ್ನು ತಯಾರಿಸುವುದನ್ನು ನಿಲ್ಲಿಸಿತು. ಆದರೂ ಅಲ್ಲಿಯೇ ಹುಟ್ಟಿದ ಹಳೆಯ ಗಾಡಿಗಳು ಮನೆಯಿಂದ ಮನೆಗೆ ಕೈ ಬದಲಾಯಿಸುತ್ತಲೇ ಇವೆ. ಎರಡರಲ್ಲಿ ಯಾವುದು ಮೇಲೆಂದು ಕೇಳುವುದಕ್ಕಿಂತ, ವಾರದ ಏಳು ದಿನಗಳಲ್ಲಿ ಅದರೊಳಗೆ ಯಾರು ಕೂರುವರು, ಏನು ಏರುವುದು ಎಂದು ಎಣಿಸಿ ನೋಡುವುದೇ ಗೃಹಸ್ಥರಿಗೆ ಲೇಸು. ಹಂದಿಗಳನ್ನೂ ಇಗರ್ಜಿಯನ್ನೂ ಒಟ್ಟಿಗೆ ನೆನೆದ ಆ ಗೃಹಿಣಿಯೂ ಎಣಿಸಿದ್ದು ಅದನ್ನೇ ಅಲ್ಲವೆ?