ಲೆಸ್ಟರಿನಲ್ಲಿ ಕಜ್ಜಾಯ

ನಮ್ಮೂರು ದೊಡ್ಡನೆಕ್ಕುಂದಿ. ರಿಂಗ್ ರೋಡು, ಅಪಾರ್ಟ್‌ಮೆಂಟುಗಳ ನಡುವೆ ಬೆಂಗಳೂರಿನೊಳಗೇ ಸೇರಿಹೋಗಿದ್ದರೂ ಅಜ್ಜಿಯ ಪಾಲಿಗೆ ಅದು ಇನ್ನೂ ಕೆರೆಯಿರುವ ಹಳ್ಳಿ. ದೀಪಾವಳಿಗೆ ನಮ್ಮ ಮನೆಯಲ್ಲಿ ಕೇದಾರೇಶ್ವರನ ನೋಮು. ಅದಕ್ಕೆ ಎಣಿಸಿ 21 ಕಜ್ಜಾಯ. ಮಾಡುವವಳು ಅಜ್ಜಿಯೇ. ನಾವು ಹುಡುಗರು ಹೊಸ್ತಿಲ ಹತ್ತಿರ ಸುಳಿದರೆ ಸಾಕು, “ಎಡೆಗಿಡೋಕೆ ಮುಂಚೆ ಬಾಯಿ ಹಾಕ್ಬೇಡ್ರೋ” ಎಂದು ಸೌಟು ಎತ್ತುತ್ತಿದ್ದಳು. ಹೀಗಾಗಿ ನಾನು ಕಜ್ಜಾಯ ತಿಂದದ್ದು ಬಹಳ, ಮಾಡುವುದನ್ನು ನೋಡಿದ್ದು ಏನೂ ಇಲ್ಲ.

2018ರಲ್ಲಿ ಕೆಲಸದ ಮೇಲೆ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದೆ. ಹಬ್ಬ ಎರಡು ತಿಂಗಳಿದೆ ಅನ್ನುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಅಮ್ಮನಿಗೆ ಪಾಕವೆಂದರೆ ಭಯ. ಈ ಸಲ ಅಂಗಡಿಯಿಂದ ತರೋಣ ಅಂದರಂತೆ. ಅದಕ್ಕೆ ಅಜ್ಜಿ ಜಗಳವನ್ನೇ ಆಡಲಿಲ್ಲ ಎಂದು ಕೇಳಿ ನನಗೆ ದಿಗಿಲಾಯಿತು. “ನನ್ನ ಕೈಗೇ ಮುಗೀತು ಬಿಡು” ಅಂದಳು ಫೋನಿನಲ್ಲಿ.

“ನಂಗೆ ಹೇಳ್ಕೊಡಜ್ಜಿ.”

“ಗಂಡುಡುಗ, ನಿಂಗ್ಯಾಕೋ ಒಲೆ ಮುಂದಿನ ಕೆಲಸ?” ಅಂದವಳು ಮರುಕ್ಷಣವೇ ಶುರುಮಾಡಿದಳು. ಒಂದು ಸೇರು ಅಕ್ಕಿಗೆ ಮುಕ್ಕಾಲು ಸೇರು ಬೆಲ್ಲ.

ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯ ತುಂಬ ಗುಜರಾತಿಗಳ ಅಂಗಡಿಗಳು. ದೀಪಾವಳಿಗೆ ಆ ಬೀದಿಯ ದೀಪ ನೋಡಲು ಊರೇ ಸೇರುತ್ತದೆ. ‘ಗೋಳ್’ ಎಂದು ಕೇಳಿ ಬೆಲ್ಲ ಕೊಂಡೆ, ಜೊತೆಗೆ ಪ್ಯಾಕೆಟ್ಟಿನ ಅಕ್ಕಿಹಿಟ್ಟು. ಅಲ್ಲೇ ಎಡವಿದ್ದು. ಅದು ಒಣಹಿಟ್ಟು, ತಟ್ಟುವಾಗ ಕೈಯಲ್ಲೇ ಬಿರುಕು ಬಿಟ್ಟಿತು. “ಅಕ್ಕಿ ನೆನೆಸಿ, ನೆರಳಲ್ಲಿ ಬಟ್ಟೆ ಮೇಲೆ ಹರವಿ, ಪಸೆ ಇರುವಾಗ್ಲೇ ಕುಟ್ಟು ಅಂದಿರ್ಲಿಲ್ವಾ?” ಅಂದಳು. ಅಂದಿದ್ದಳೇನೋ. ಎಚ್ಎಎಲ್ ಕಡೆಯಿಂದ ವಿಮಾನ ಹಾರಿದರೆ ನಮ್ಮ ಮನೆಯ ಫೋನಿನಲ್ಲಿ ಅರ್ಧ ಮಾತು ಕೇಳುವುದೇ ಇಲ್ಲ.

ಎರಡನೇ ಸಲ ಹಿಟ್ಟು ಸರಿಹೋಯಿತು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುತ್ತಿತ್ತು. ಪಾಕ ಮಾತ್ರ ಎಳೆಯದಾಗಿತ್ತು. ಎಣ್ಣೆಗೆ ಬಿಟ್ಟ ಕಜ್ಜಾಯ ಕರಗಿ, ನೊರೆಯೆದ್ದು, ಬಾಣಲೆಯ ತುಂಬ ಪುಡಿಪುಡಿ. ಹೊಗೆಗೆ ಗೋಡೆಯ ಅಲಾರಂ ಕಿರುಚಿಕೊಂಡಿತು. ಒಲೆ ಆರಿಸಿ, ಕಿಟಕಿ ತೆರೆದು, ನವೆಂಬರಿನ ಚಳಿಯಲ್ಲಿ ಟವೆಲ್ ಬೀಸುತ್ತಾ ನಿಂತೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕೈ ಮುರಿದ ಮೇಲೆ ಅವಳು ಹಾಗೆ ನಕ್ಕದ್ದು ಅಂದೇ ಅಂತೆ.

ಮೂರನೇ ಸಲ ವಿಡಿಯೋ ಕರೆ. ನಮ್ಮಲ್ಲಿ ಸಂಜೆ ನಾಲ್ಕು, ಅವಳಿಗೆ ರಾತ್ರಿ ಒಂಬತ್ತೂವರೆ. ಬಟ್ಟಲು ನೀರಿಗೆ ಪಾಕದ ಹನಿ ಬಿಟ್ಟು ತೋರಿಸಿದೆ. “ಬೆರಳಲ್ಲಿ ಉರುಳಿಸು. ಮೆತ್ತಗೆ ಉಂಡೆ ಆಯ್ತಾ? ಇಳಿಸು, ಇಳಿಸು! ಇನ್ನೊಂದು ಗಳಿಗೆ ಬಿಟ್ರೆ ಕಲ್ಲಾಗ್ತದೆ.” ಹಿಟ್ಟು ಕಲಸಿ ರಾತ್ರಿಯಿಡೀ ಮುಚ್ಚಿಟ್ಟೆ. ಮರುದಿನ ಗಸಗಸೆ ಅದ್ದಿ ತಟ್ಟಿ, ಸಣ್ಣ ಉರಿಯಲ್ಲಿ ಕರಿದೆ. ಜಾಲರಿ ಸೌಟಿನಲ್ಲಿ ಎತ್ತಿ, ಮೇಲೆ ಇನ್ನೊಂದು ಸೌಟಿಟ್ಟು ಎಣ್ಣೆ ಹಿಂಡಿದೆ. (ಮಕ್ಕಳೇ, ತಟ್ಟುವುದು ನಿಮ್ಮ ಕೆಲಸ. ಬಾಣಲೆ ದೊಡ್ಡವರದು.) ಕೆಂಪಗೆ, ನಡುವೆ ಮೆತ್ತಗೆ, ಕಜ್ಜಾಯ ಎನ್ನಬಹುದಾದಂಥವು ಒಂಬತ್ತು ಬಂದವು. ಆ ವರ್ಷ ಊರಿನಲ್ಲಿ ನೋಮಿಗೆ ಅಂಗಡಿಯದೇ ಇಟ್ಟರು.

ಮರುವರ್ಷ ಹಬ್ಬಕ್ಕೆ ರಜೆ ಹಾಕಿ ಬಂದೆ. ಅಜ್ಜಿಯ ಕೈ ಕೂಡಿತ್ತು, ಹಿಡಿತ ಬಂದಿರಲಿಲ್ಲ. ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಕರಿದೆ, ಅಮ್ಮ ಪಕ್ಕದಲ್ಲಿ ನಿಂತು ಎಣಿಸಿದರು. ಎಡೆ ಇಡುವ ಮುಂಚೆ ರುಚಿ ನೋಡುವಂತಿಲ್ಲವಲ್ಲ, ಪೂಜೆ ಮುಗಿಯುವ ತನಕ ನನ್ನ ಎದೆ ಡವಡವ. ಅಜ್ಜಿ ಒಂದು ತುಂಡು ಮುರಿದು, ಉಳಿದಿರುವ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು.

“ಗಸಗಸೆ ಸಾಲದು” ಅಂದು, ಇನ್ನೊಂದಕ್ಕೆ ಕೈ ಚಾಚಿದಳು.