ಕಿರ್ದಿಗೂ ಖಾತೆಗೂ ತಾಳೆಯಾಗದ ಕಾಲ

ನಮ್ಮಪ್ಪನದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ರಾತ್ರಿ ಬಾಗಿಲು ಹಾಕುವ ಮುಂಚೆ ಕಿರ್ದಿಗೂ ಖಾತೆಗೂ ತಾಳೆ ನೋಡುವುದು ಅವರ ಕಟ್ಟುನಿಟ್ಟು. ನಾಲ್ಕಾಣೆ ಹೆಚ್ಚುಕಮ್ಮಿಯಾದರೂ ಊಟಕ್ಕೆ ಏಳುತ್ತಿರಲಿಲ್ಲ. ಅಮ್ಮ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. "ಕಮ್ಮಿ ಬಂದ್ರೂ ತಪ್ಪೇ ಕಣೋ, ಹೆಚ್ಚು ಬಂದ್ರೂ ತಪ್ಪೇ" ಎನ್ನುತ್ತಿದ್ದರು ಅಪ್ಪ.

2020ರ ಮಾರ್ಚ್‌ನಲ್ಲಿ ಕಲಬುರಗಿಯ 76 ವರ್ಷದ ಹಿರಿಯರೊಬ್ಬರ ಸಾವು ದೇಶದ ಮೊದಲ ಕೊರೊನಾ ಸಾವೆಂದು ದಾಖಲಾಯಿತಲ್ಲ, ಆ ವಾರ ನಾನೂ ಒಂದು ಉದ್ದನೆಯ ಪುಸ್ತಕ ತಂದು ಗೆರೆ ಎಳೆದೆ. ಆಗ ಒಬ್ಬೊಬ್ಬ ರೋಗಿಗೂ ಒಂದು 'ಪಿ' ನಂಬರು; ಯಾರಿಂದ ಯಾರಿಗೆ ತಗುಲಿತು ಎಂಬುದೂ ಸಂಜೆಯ ಬುಲೆಟಿನ್‌ನಲ್ಲಿ ಸಿಗುತ್ತಿತ್ತು. ಮೊದಮೊದಲು ನನ್ನ ಪುಸ್ತಕ ಅಪ್ಪನ ಕಿರ್ದಿಯಷ್ಟೇ ಚೊಕ್ಕವಾಗಿತ್ತು.

ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಎಂಟರ ಹೊತ್ತಿನ ಕೇಂದ್ರದ ಲೆಕ್ಕ ಒಂದು, ಸಂಜೆಯ ರಾಜ್ಯದ ಲೆಕ್ಕ ಒಂದು, ಬಿಬಿಎಂಪಿಯದು ಮತ್ತೊಂದು, ಜಿಲ್ಲಾಡಳಿತದ್ದು ಇನ್ನೊಂದು. ಹೊತ್ತು ಬೇರೆಯಾದರೆ ಅಂಕಿ ಬೇರೆಯಾಗುವುದು ಸಹಜ, ಅದನ್ನು ನಾನು ಒಪ್ಪುತ್ತೇನೆ. ಆದರೆ ಎಣಿಸಿದ್ದು ಸೋಂಕಿತರ ಊರಿನ ಪ್ರಕಾರವೋ, ಆಸ್ಪತ್ರೆಯ ಊರಿನ ಪ್ರಕಾರವೋ? ಇವತ್ತು ಸತ್ತವರೋ, ಹತ್ತು ದಿನ ಹಿಂದೆ ಸತ್ತು ಇವತ್ತು ಪಟ್ಟಿಗೆ ಬಂದವರೋ? ಸೋಂಕಿದ್ದೂ 'ಬೇರೆ ಕಾರಣದಿಂದ ಮೃತ' ಎಂಬ ಕಾಲಮ್ಮಿಗೆ ಹೋದವರನ್ನು ಯಾವ ಮೊತ್ತಕ್ಕೆ ಕೂಡಿಸಬೇಕು? ನನ್ನ ಪುಸ್ತಕದ ಅಂಚೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಿಂದ ತುಂಬಿಹೋಯಿತು.

2021ರ ಮೇ ತಿಂಗಳು ಬಂತು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದ ಆ ರಾತ್ರಿ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊದಲು 24 ಸಾವು ಎಂದು ಸುದ್ದಿ ಬಂತು. ಆಮ್ಲಜನಕವಿಲ್ಲದೆ ಸತ್ತವರು 3 ಮಂದಿ ಎಂದರು ಆರೋಗ್ಯ ಸಚಿವರು. ಹೈಕೋರ್ಟ್ ನೇಮಿಸಿದ ಸಮಿತಿ 36 ಎಂದಿತು. ಜುಲೈನಲ್ಲಿ ಕೇಂದ್ರ ಸರ್ಕಾರ, ಆಮ್ಲಜನಕದ ಕೊರತೆಯಿಂದ ಸಾವಾಗಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ರಾಜ್ಯಸಭೆಗೆ ತಿಳಿಸಿತು. ನಾಲ್ಕು ಲೆಕ್ಕಗಳನ್ನೂ ಒಂದೇ ಪುಟದಲ್ಲಿ ಬರೆದು ಆ ದಿನ ಪುಸ್ತಕ ಮುಚ್ಚಿದೆ.

ಅದೇ ಮೇ ತಿಂಗಳಲ್ಲಿ ನಮ್ಮ ಸೋದರಮಾವನನ್ನು ತಿಪಟೂರಿನಿಂದ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ತಂದಿದ್ದೆವು. ಮೂರನೆಯ ದಿನ ಹೋದರು. ಆ ಸಂಜೆ ತುಮಕೂರಿನ ಸಾಲಿನಲ್ಲಿ ಹುಡುಕಿದೆ, ಬೆಂಗಳೂರಿನ ಸಾಲಿನಲ್ಲಿ ಹುಡುಕಿದೆ. ಅವರ ವಯಸ್ಸಿನವರು ಎರಡರಲ್ಲೂ ಇರಲಿಲ್ಲ. ಮುಂದೆ 50 ಸಾವಿರ ರೂಪಾಯಿಯ ಪರಿಹಾರಕ್ಕೆಂದು ಅತ್ತೆ ಅರ್ಜಿ ಹಿಡಿದು ಹೋದರೆ, "ಪಟ್ಟಿಯಲ್ಲಿ ಹೆಸರಿಲ್ಲಮ್ಮ, ಅಲ್ಲಿ ಕೇಳಿ" ಎಂದರು. ಅಲ್ಲಿ ಕೇಳಿದರೆ ಇಲ್ಲಿಗೆ ಕಳಿಸಿದರು. ಪಾಸಿಟಿವ್ ಬಂದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಸೆರಗಿನೊಳಗೆ ಹಿಡಿದುಕೊಂಡು ತಿಂಗಳುಗಟ್ಟಲೆ ಓಡಾಡಿದಳು. ದುಡ್ಡಿಗಿಂತ ಹೆಚ್ಚಾಗಿ ಅವಳು ಕೇಳುತ್ತಿದ್ದುದು ಒಂದೇ ಮಾತು: "ಹಾಗಾದ್ರೆ ನಿಮ್ಮ ಮಾವ ಯಾವ ಲೆಕ್ಕಕ್ಕೆ ಹೋದ್ರಪ್ಪಾ?"

ಲೆಕ್ಕ ಎಷ್ಟು ಮುಖ್ಯ ಎಂಬುದು ಅವತ್ತು ನನಗೆ ಅರ್ಥವಾಯಿತು. ಹಾಸಿಗೆ ಎಷ್ಟು, ಸಿಲಿಂಡರ್ ಎಷ್ಟು, ಯಾವ ಜಿಲ್ಲೆಗೆ ಎಷ್ಟು ಲಸಿಕೆ ಎಂದು ನಿರ್ಧಾರವಾಗುವುದೇ ಅಂಕಿಯ ಮೇಲೆ. ಬಿಟ್ಟುಹೋದ ಒಬ್ಬೊಬ್ಬರೂ ಮುಂದಿನವರಿಗೆ ಸಿಗಬೇಕಾದ್ದನ್ನು ಕಮ್ಮಿ ಮಾಡುತ್ತಾರೆ.

2025ರ ಮೇನಲ್ಲಿ ಜನನ-ಮರಣ ನೋಂದಣಿಯ ಅಂಕಿಅಂಶ ಹೊರಬಿತ್ತು. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವು ಸುಮಾರು 81 ಲಕ್ಷ. 2021ರಲ್ಲಿ ಸುಮಾರು 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ ಸುಮಾರು 21 ಲಕ್ಷ ಹೆಚ್ಚು. ಆ ವರ್ಷದ ಅಧಿಕೃತ ಕೋವಿಡ್ ಸಾವು ಮಾತ್ರ ಸುಮಾರು 3.3 ಲಕ್ಷ. ಹೆಚ್ಚಳವೆಲ್ಲ ಕೊರೊನಾದ್ದೇ ಎಂದು ನಾನು ಹೇಳುವುದಿಲ್ಲ, ನೋಂದಣಿ ಮಾಡಿಸುವವರೂ ಹೆಚ್ಚಿರಬಹುದು. ಆದರೆ ಎರಡೂ ಸರ್ಕಾರದ್ದೇ ಪುಸ್ತಕಗಳು. ನಡುವಿನ ಅಂತರವನ್ನು ಸಾಲುಸಾಲಾಗಿ ಬಿಡಿಸಿ ಹೇಳುವ ಹೊಣೆಯೂ ಸರ್ಕಾರದ್ದೇ.

ಆ ಎರಡು ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಹೋಗಿದ್ದರೆ ದಯವಿಟ್ಟು ಮರಣ ಪ್ರಮಾಣಪತ್ರ ಇದೆಯೇ ನೋಡಿ. ಇಲ್ಲದಿದ್ದರೆ ಈಗಲಾದರೂ ಅರ್ಜಿ ಹಾಕಿ. ತಡವಾದ ನೋಂದಣಿಗೂ ಕಾನೂನಿನಲ್ಲಿ ಅವಕಾಶವಿದೆ.