ಕಡಲಿಲ್ಲದ ಊರಿನ ತುಫಾನು

ಬಳ್ಳಾರಿಯಿಂದ ಬಂಗಾಳ ಕೊಲ್ಲಿಗೆ ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದರೂ 300 ಕಿಲೋಮೀಟರ್ ದಾಟುತ್ತದೆ. ನಮ್ಮ ಕಡೆಯ ಹಳಬರಲ್ಲಿ ಸಮುದ್ರ ಕಾಣದೆ ಕಣ್ಣು ಮುಚ್ಚಿದವರೇ ಹೆಚ್ಚು. ಹಾಗಿದ್ದೂ ದೀಪಾವಳಿ ಹತ್ತಿರ ಬಂತೆಂದರೆ ಸಿರುಗುಪ್ಪ, ಕುರುಗೋಡಿನ ಭತ್ತದ ರೈತರ ಬಾಯಲ್ಲಿ ನೆಲ್ಲೂರು, ಒಂಗೋಲು, ಬಾಪಟ್ಲ, ಮಚಲೀಪಟ್ಟಣದ್ದೇ ಮಾತು. ಚಹಾದಂಗಡಿ ಕಟ್ಟೆಯಲ್ಲಿ ಒಬ್ಬ ಇನ್ನೊಬ್ಬನನ್ನು ಕೇಳುತ್ತಾನೆ: “ಎಲ್ಲಿ ದಾಟ್ತೈತಂತಪ?” ಏನು ದಾಟುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನೆಲ್ಲೂರು, ಚೆನ್ನೈ ನಡುವೆ ದಾಟಿದರೆ ನಮಗೆ ತಾಪತ್ರಯ. ವಿಶಾಖಪಟ್ಟಣದ ಕಡೆ ಹೊರಳಿದರೆ ನಿರಾಳ. ತುಫಾನು ರಾಯಲಸೀಮೆ ಏರಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಅದರ ಗಾಳಿಯ ಸೊಕ್ಕು ಇಳಿದಿರುತ್ತದೆ. ಬರುವುದು ಬರೀ ಮೋಡ ಮತ್ತು ಜಿಟಿಜಿಟಿ ಮಳೆ. ಎರಡು ದಿನ, ಮೂರು ದಿನ ಬಿಸಿಲು ಕಾಣುವುದಿಲ್ಲ. ಕರಾವಳಿಯವರಿಗೆ ಇದು ಮಳೆಯೇ ಅಲ್ಲ. ಆದರೆ ಕಾಳು ಬಲಿತು ನಿಂತ ಸೋನಾ ಮಸೂರಿಗೆ, ಕಣದಲ್ಲಿ ಹರವಿದ ಭತ್ತಕ್ಕೆ, ಅರಳಿ ನಿಂತ ಹತ್ತಿಗೆ ಅಷ್ಟೇ ಸಾಕು.

ನಾನು ಹುಟ್ಟಿದ್ದು ಕುರುಗೋಡಿನಲ್ಲಿ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಕಾಲುವೆ ನೀರು ಬಂದು ಜೋಳದ ಎರೆಹೊಲ ಗದ್ದೆಯಾದದ್ದನ್ನು ನಮ್ಮ ತಾತ ಕಣ್ಣಾರೆ ಕಂಡವರು. ಹವಾಮಾನದ ವಿಷಯದಲ್ಲಿ ಅವರು ನಂಬಿದ್ದು ಪಂಚಾಂಗ ಮತ್ತು ಮೂಡಣ ದಿಕ್ಕು. ಹಸ್ತ, ಚಿತ್ತಾ, ಸ್ವಾತಿ, ವಿಶಾಖ ಎಂದು ಮಳೆಗಳನ್ನು ಲೆಕ್ಕ ಹಾಕುತ್ತಿದ್ದರು. ಸ್ವಾತಿ ಕಳೆಯುವ ಮುಂಚೆ ಗದ್ದೆಗೆ ಕುಡುಗೋಲು ಇಳಿಸಲು ಬಿಡುತ್ತಿರಲಿಲ್ಲ. ಮೈಲಾರದ ಕಾರಣಿಕವನ್ನೂ ಕೇಳಿಸಿಕೊಂಡು ಬಂದು ವರ್ಷವಿಡೀ ಅರ್ಥ ಹಚ್ಚುತ್ತಿದ್ದರು. ಅದರಲ್ಲಿ ಎಲ್ಲವೂ ಇರುತ್ತಿತ್ತು, ಯಾವ ತಾರೀಖು ಎಂಬುದೊಂದನ್ನು ಬಿಟ್ಟು.

ಮುನ್ಸೂಚನೆ ಇಲ್ಲದ ಆ ಕಾಲದಲ್ಲಿ ಭತ್ತ ಉಳಿಯುತ್ತಿದ್ದದ್ದು ಬಣವೆಯಿಂದ. ಕೊಯ್ದ ಪೈರನ್ನು ಸಿವುಡು ಕಟ್ಟಿ, ತೆನೆ ಒಳಗೆ ಬುಡ ಹೊರಗೆ ಬರುವಂತೆ ಸುತ್ತಲೂ ಒಟ್ಟುತ್ತಾ ಹೋಗಿ, ನೆತ್ತಿಗೆ ಹಳೆ ಹುಲ್ಲು ಹೊದಿಸಿ ಹಗ್ಗ ಬಿಗಿಯುತ್ತಿದ್ದರು. ಒಟ್ಟುವ ಕೆಲಸಕ್ಕೆ ಊರಲ್ಲಿ ಕೈಪಳಗಿದ ಕೆಲವರೇ ಇದ್ದರು; ಅವರಿಗೆ ಎಲೆ ಅಡಿಕೆ ಕೊಟ್ಟು ಕರೆಯಬೇಕಿತ್ತು. ಸರಿಯಾಗಿ ಒಟ್ಟಿದ ಬಣವೆಯ ಮೇಲೆ ಮೂರು ದಿನ ಮಳೆ ಸುರಿದರೂ ಮೇಲಿನ ಒಂದು ಗೇಣು ಹುಲ್ಲು ಕಪ್ಪಾಗುತ್ತಿತ್ತು, ಅಷ್ಟೆ. ಸಂಕ್ರಾಂತಿಯ ಆಚೀಚೆ ಬಿಡುವು ನೋಡಿಕೊಂಡು ಒಕ್ಕಲು ಮಾಡುತ್ತಿದ್ದರು. ತುಫಾನು ಯಾವಾಗ ಬರುತ್ತದೆಂದು ಗೊತ್ತಿರಲಿಲ್ಲ. ಗೊತ್ತಾಗಲೇಬೇಕಾದ ದರ್ದೂ ಇರಲಿಲ್ಲ.

ತುಫಾನಿನ ಭಯವನ್ನು ನಮ್ಮ ಸೀಮೆಗೆ ತಂದವರು ಕ್ಯಾಂಪಿನವರು ಎಂದೇ ನನ್ನ ಅಭಿಪ್ರಾಯ. ಅಣೆಕಟ್ಟಿನ ಬೆನ್ನಿಗೇ ಕೃಷ್ಣಾ, ಗುಂಟೂರು ಜಿಲ್ಲೆಗಳಿಂದ ಬಂದು ಜಮೀನು ಕೊಂಡು ನೆಲೆ ನಿಂತವರು ಅವರು. 1977ರ ನವೆಂಬರ್ 19ರಂದು ದಿವಿಸೀಮೆಯನ್ನು ಸಮುದ್ರ ನುಂಗಿ ಸಾವಿರಾರು ಜನ ಸತ್ತಾಗ ನಾನಿನ್ನೂ ಶಾಲೆಯ ಹುಡುಗ. ಸಿರುಗುಪ್ಪ ಕಡೆಯ ಕ್ಯಾಂಪುಗಳಲ್ಲಿ ಎಷ್ಟೋ ಮನೆಗಳಿಗೆ ಆ ಸೀಮೆಯ ನಂಟು. ಆಮೇಲೆ ಪ್ರತಿ ನವೆಂಬರಿನಲ್ಲೂ ಅವರ ಮನೆಗಳ ರೇಡಿಯೋ ವಿಜಯವಾಡದ ತೆಲುಗು ವಾರ್ತೆಗೇ ತಿರುಗಿರುತ್ತಿತ್ತು.

ಪಿಯುಸಿ ಮುಗಿಸಿ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿ ಸೇರಿದಾಗ ನನಗೂ ಆ ವಾರ್ತೆಯ ರೂಢಿಯಾಯಿತು. ಕನ್ನಡದ ಹವಾ ವರ್ತಮಾನದಲ್ಲಿ ಒಂದು ತೊಡಕಿತ್ತು. ನಾವು ಉತ್ತರ ಕರ್ನಾಟಕದವರೆಂದೇ ಅಂದುಕೊಂಡವರು. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಬಳ್ಳಾರಿ ಬರುವುದು ದಕ್ಷಿಣ ಒಳನಾಡಿಗೆ. “ಉತ್ತರ ಒಳನಾಡಿನಲ್ಲಿ ಒಣಹವೆ” ಎಂದು ರೇಡಿಯೋ ಹೇಳಿದ್ದನ್ನು ಕೇಳಿ ನೆಮ್ಮದಿಯಿಂದ ಮಲಗಿದ ರೈತರು ಬೆಳಗ್ಗೆ ಎದ್ದು ಆಕಾಶವಾಣಿಗೆ ಶಾಪ ಹಾಕುತ್ತಿದ್ದರು. ಆಕಾಶವಾಣಿ ಹೇಳಿದ್ದು ಸರಿಯೇ ಇತ್ತು, ಬೀದರ, ವಿಜಯಪುರದವರಿಗೆ.

ನಮ್ಮ ಸಾವುಕಾರರು ರೇಡಿಯೋವನ್ನೂ ಪೂರ್ತಿ ನಂಬುವವರಲ್ಲ. ನೆಲ್ಲೂರಿನ ದಲಾಲಿ ಅಂಗಡಿಗೆ ಟ್ರಂಕ್ ಕಾಲ್ ಬುಕ್ ಮಾಡಿ ರೇಟು ಕೇಳುವ ನೆಪದಲ್ಲಿ ಆಕಾಶ ವಿಚಾರಿಸುತ್ತಿದ್ದರು. ಚೆನ್ನೈಗೆ ಅಕ್ಕಿ ಇಳಿಸಿ ಬಂದ ಲಾರಿ ಡ್ರೈವರ್ ಸಿಕ್ಕರೆ ಅವನೇ ಹವಾಮಾನ ಇಲಾಖೆ. “ಗೂಡೂರು ಹತ್ರ ವೈಪರ್ ಹಾಕ್ಕೊಂಡೇ ಬಂದೆ ಸಾವ್ಕಾರ್ರೆ” ಎಂದು ಅವನೆಂದರೆ ಸಾಕು, ಮಿಲ್ಲಿನ ಒಳಗೆಲ್ಲ ಓಡಾಟ ಶುರು.

ಆಗ ಬೇಯಿಸಿದ ಭತ್ತ ಒಣಗುತ್ತಿದ್ದದ್ದು ಸಿಮೆಂಟಿನ ಅಂಗಳದಲ್ಲಿ. ಹತ್ತಾರು ಹೆಂಗಸರು ಸಾಲಾಗಿ ನಿಂತು ಬರಿಗಾಲಲ್ಲಿ ಕಾಳನ್ನು ಸೀಳುತ್ತಾ ಹೋಗುತ್ತಿದ್ದರು. ಕಾಲು ಎಳೆದ ಕಡೆ ಗೆರೆ ಮೂಡಿ ಅಡಿಯ ಕಾಳು ಮೇಲೆ ಬರುತ್ತಿತ್ತು. ಒಂದು ರಾತ್ರಿ ಒಂಬತ್ತರ ಮೇಲೆ ನೆಲ್ಲೂರಿನಿಂದ ಫೋನು ಬಂತು. ಹಮಾಲರನ್ನು ಮನೆಯಿಂದ ಎಬ್ಬಿಸಿ ಕರೆಸಿದರು. ಹಲಗೆಗೆ ಹಗ್ಗ ಕಟ್ಟಿ ಇಬ್ಬರು ಎಳೆಯುವುದು, ಒಬ್ಬ ಹಿಂದಿನಿಂದ ಒತ್ತುವುದು. ಅಂಗಳದ ನಡುವೆ ಭತ್ತದ ರಾಶಿಗಳು ಏಳತೊಡಗಿದವು. ರಾಶಿಯ ಮೇಲೆ ಎರಡು ಪದರ ತಾಡಪತ್ರಿ, ಅಂಚಿಗೆ ಹೊಟ್ಟಿನ ಚೀಲ, ಅದರ ಮೇಲೆ ಕಲ್ಲು. ನೀರು ಅಡಿಯಿಂದ ನುಗ್ಗದಂತೆ ಸುತ್ತಲೂ ಬೂದಿಯ ಏರಿ. ಹಮಾಲರ ಮೇಸ್ತ್ರಿ ಕೊನೆಗೆ ತಾಡಪತ್ರಿಯ ಕೆಳಗೆ ತೋಳು ತೂರಿಸಿ ರಾಶಿಯ ಒಳಗಿನ ಕಾವು ನೋಡಿದ. “ನಾಳೆ ಮಧ್ಯಾಹ್ನದ ತನಕ ತಡೀತದೆ. ಆಮೇಲೆ ಮುಗ್ಗಲು ಹಿಡೀತದೆ, ಬಿಚ್ಚಲೇಬೇಕು” ಎಂದ. ತಾಡಪತ್ರಿ ಮಳೆ ತಡೆಯಬಲ್ಲದು, ಒಳಗಿನ ತೇವವನ್ನಲ್ಲ ಎಂಬುದು ಆ ರಾತ್ರಿ ನನಗೆ ತಿಳಿಯಿತು.

ತೇವ ಅಳೆಯುವ ಮೀಟರ್ ಬರುವ ಮೊದಲು ನಮ್ಮ ಹಲ್ಲೇ ಮೀಟರ್. ಚೀಲದೊಳಗೆ ಕೊಕ್ಕೆ ಚುಚ್ಚಿ ಕಾಳು ತೆಗೆದು ಸಿಪ್ಪೆ ಬಿಡಿಸಿ ಕಡಿದರೆ ‘ಕಟ್’ ಎನ್ನಬೇಕು. ಮೆತ್ತಗೆ ಚಪ್ಪಟೆಯಾದರೆ ಹಸಿ. ಕಟ್ ಎಂದದ್ದಕ್ಕೊಂದು ರೇಟು, ಚಪ್ಪಟೆಯಾದದ್ದಕ್ಕೆ ಇನ್ನೊಂದು. 75 ಕಿಲೋ ಚೀಲದ ಲೆಕ್ಕದಲ್ಲಿ ವ್ಯಾಪಾರ ನಡೆಯುವ ನಮ್ಮ ಪೇಟೆಯಲ್ಲಿ ರೈತನ ವರ್ಷದ ಗಳಿಕೆ ನನ್ನ ದವಡೆಯ ಮೇಲೆ ನಿಂತಿತ್ತು ಎಂದರೆ ಈಗ ನಗು ಬರುತ್ತದೆ. ಆಗ ರೈತನಿಗೆ ನಗು ಬರುತ್ತಿರಲಿಲ್ಲ.

2009ರದ್ದು ಬೇರೆಯೇ ಕತೆ. ಸೆಪ್ಟೆಂಬರ್ ಕೊನೆಯಲ್ಲಿ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಆಂಧ್ರ ಮತ್ತು ನಮ್ಮ ಸೀಮೆಯ ಮೇಲೆ ಕೂತುಬಿಟ್ಟಿತು. ಭತ್ತ ಇನ್ನೂ ಹಸಿರಾಗಿತ್ತು, ಕೊಯ್ಲಿನ ಚಿಂತೆ ಇರಲಿಲ್ಲ. ಅಲ್ಲಿಯವರೆಗೆ ನಾವು ಮಳೆ ಎಂದರೆ ಮೇಲೆ ನೋಡುತ್ತಿದ್ದವರು. ಆ ಸಲ ನೀರು ಪಕ್ಕದಿಂದ ಬಂತು. ಬೇಸಿಗೆಯಲ್ಲಿ ಮರಳೇ ಮರಳಾಗಿರುವ ಹಗರಿ ದಡ ಮೀರಿತು, ಅತ್ತ ತುಂಗಭದ್ರೆಯೂ ಮೀರಿತು. ಸಿರುಗುಪ್ಪ ತಾಲ್ಲೂಕು ಇವೆರಡರ ನಡುವೆ ಸಿಕ್ಕಿಕೊಂಡಿತು. ನದಿಯಂಚಿನ ಊರುಗಳ ಜನ ಎತ್ತರದ ಜಾಗ ಹುಡುಕಿಕೊಂಡು ದನಕರುಗಳೊಂದಿಗೆ ಬಂದರು. ಅಕ್ಟೋಬರ್ 2ರಂದು ಮಂತ್ರಾಲಯ, ಕರ್ನೂಲು ಮುಳುಗಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಆಮೇಲೆ ‘ಆಸರೆ’ ಹೆಸರಲ್ಲಿ ಸರ್ಕಾರ, ದಾನಿಗಳು ಸೇರಿ ಮನೆ ಕಟ್ಟಿಸಿಕೊಟ್ಟರು.

ಅಂದಿನಿಂದ ನಮ್ಮ ಜನ ಮಳೆಯ ಜೊತೆ ಕ್ಯುಸೆಕ್ಸ್ ಲೆಕ್ಕವನ್ನೂ ಕಲಿತರು. ಡ್ಯಾಮಿನಿಂದ ಎಷ್ಟು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಹಗರಿಗೆ ಆಂಧ್ರದ ಭೈರವಾನಿತಿಪ್ಪದಿಂದ ನೀರು ಬಿಟ್ಟರೆ ರಾರಾವಿ ಹಾದಿ ಏನಾಗುತ್ತದೆ ಎಂಬುದು ಈಗ ಸಣ್ಣ ಹುಡುಗರಿಗೂ ಗೊತ್ತು. ಹೊಸಪೇಟೆಯ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದಾಗ, ಬೆಳಗಾಗುವ ಮೊದಲೇ ಸಿರುಗುಪ್ಪದ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಓಡಾಡುತ್ತಿತ್ತು.

ಮುನ್ಸೂಚನೆಯೂ ಬದಲಾಯಿತು. 1988ರಲ್ಲಿ ಬರದ ಮೇಲೆ ಕಣ್ಣಿಡಲು ಶುರುವಾದ ಕೋಶವೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಪಂಚಾಯ್ತಿಗೊಂದರಂತೆ ಮಳೆಮಾಪಕ ನೆಟ್ಟಿತು. ವರುಣ ಮಿತ್ರಕ್ಕೆ ಫೋನು ಹಚ್ಚಿದರೆ ಹೊತ್ತಿಲ್ಲದ ಹೊತ್ತಲ್ಲೂ ಕನ್ನಡದಲ್ಲಿ ಉತ್ತರ ಸಿಗುತ್ತದೆ. 2019ರಲ್ಲಿ ಮೇಘದೂತ್ ಆ್ಯಪ್ ಬಂತು. ನಮ್ಮ ಕೊಲ್ಲಿಯ ತುಫಾನುಗಳಿಗೆ ಹೆಸರಿಡುವ ಪದ್ಧತಿ 2004ರಿಂದ ಇದೆ. ನಿಲಂ, ನಿವಾರ್, ಮಾಂಡೌಸ್, ಫೆಂಗಲ್ ಎಂದು ನಮ್ಮ ರೈತರು ಅವನ್ನು ನೆಂಟರ ಹೆಸರಿನಂತೆ ನೆನಪಿಟ್ಟಿದ್ದಾರೆ. ತಮಿಳುನಾಡಿನಿಂದ ಬರುವ ಕಟಾವು ಮಿಷನ್ ಡ್ರೈವರ್ ಮೊಬೈಲಿನಲ್ಲಿ ಸುರುಳಿ ಸುತ್ತುವ ಗಾಳಿಯ ಚಿತ್ರ ತೋರಿಸಿ ಬುಧವಾರ ಸಂಜೆ ಎನ್ನುತ್ತಾನೆ. ಬಹಳ ಸಲ ಬುಧವಾರ ಸಂಜೆಯೇ ಬರುತ್ತದೆ.

ಐದು ದಿನ ಮೊದಲೇ ಗೊತ್ತಾದರೆ ಒಳ್ಳೆಯದಲ್ಲವೇ? ಅಷ್ಟು ಹಗುರವಾಗಿ ಹೌದೆನ್ನಲು ನನಗಾಗುವುದಿಲ್ಲ. ಕುಡುಗೋಲು ಹೋಗಿ ಮಿಷನ್ ಬಂದ ಮೇಲೆ ಬಣವೆಯೂ ಹೋಯಿತು. ಈಗ ಗದ್ದೆಯಲ್ಲಿ ನಿಂತ ಪೈರು ಗಂಟೆಯೊಳಗೆ ಟ್ರಾಲಿಯಲ್ಲಿ ಹಸಿಕಾಳು. ತೇವಾಂಶ ಇಪ್ಪತ್ತು ದಾಟಿರುತ್ತದೆ. ಬೆಂಬಲ ಬೆಲೆಯ ಖರೀದಿಗೆ 17ರ ಒಳಗಿರಬೇಕು. ಒಣಗಿಸಬೇಕು, ಕಣವಿಲ್ಲ. ಹಾಗಾಗಿ ಡಾಂಬರು ರಸ್ತೆಯೇ ಕಣ. ಆರೆಂಜ್ ಅಲರ್ಟ್ ಎಂದ ಕೂಡಲೆ ಎಲ್ಲರಿಗೂ ಒಟ್ಟಿಗೇ ಮಿಷನ್ ಬೇಕು, ಎಲ್ಲರಿಗೂ ಒಟ್ಟಿಗೇ ತಾಡಪತ್ರಿ ಬೇಕು. ಮಿಷನ್ನಿನ ಗಂಟೆ ಬಾಡಿಗೆ ಏರುತ್ತದೆ, ಭತ್ತದ ರೇಟು ಇಳಿಯುತ್ತದೆ. ಮಳೆ ಬರುವುದು ಆಮೇಲೆ. ಒಂದು ಸಲ ತುಫಾನು ದಿಕ್ಕು ಬದಲಿಸಿ ಹನಿಯೂ ಬೀಳಲಿಲ್ಲ; ರೇಟು ಮಾತ್ರ ಬಿದ್ದೇ ಇತ್ತು. ಮಿಲ್ಲಿನ ಒಳಗೆ ಕೂತು ಆ ಇಳಿದ ರೇಟನ್ನು ಪಟ್ಟಿಯಲ್ಲಿ ಬರೆದವನು ನಾನೇ ಆದ್ದರಿಂದ ಇದನ್ನು ಕೇಳಿ ಹೇಳುತ್ತಿಲ್ಲ.

2021ರ ನವೆಂಬರ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಒಂದರ ಹಿಂದೊಂದು ಎರಡು ವಾಯುಭಾರ ಕುಸಿತಗಳು ಚೆನ್ನೈ ಹತ್ತಿರ ದಾಟಿದವು. ಕೊಯ್ಲಿಗೆ ಬಂದ ಭತ್ತ ಕುರುಗೋಡು, ಸಿರುಗುಪ್ಪ, ಕಂಪ್ಲಿ ಎಲ್ಲ ಕಡೆ ನೆಲಕ್ಕೆ ಒರಗಿತು. ಅಕ್ಕನ ಮಗನ ಗದ್ದೆಗೆ ಹೋಗಿ ಒಂದು ಹಿಡಿ ತೆನೆ ಎತ್ತಿ ನೋಡಿದೆ. ಮೇಲ್ಭಾಗದ ಕಾಳು ಹೊಂಬಣ್ಣವಾಗೇ ಇತ್ತು. ಕೆಸರಿಗೆ ತಾಗಿದ ಕಡೆ ಪ್ರತಿ ಕಾಳಿನ ತುದಿಯಲ್ಲೂ ಬಿಳಿ ಮೊಳಕೆ. ಟಯರ್ ಮಿಷನ್ ಗದ್ದೆಗೆ ಇಳಿಯುವಂತಿರಲಿಲ್ಲ. ಚೈನ್ ಮಿಷನ್‌ಗೆ ಸರದಿ. ಸರದಿ ಬರುವವರೆಗೆ ಮೊಳಕೆ ಕಾಯಲಿಲ್ಲ.

ವಿಮೆ ಇದೆ. ಫಸಲ್ ಬಿಮಾದಲ್ಲಿ ಕೊಯ್ಲಾದ 14 ದಿನದವರೆಗೆ ಚಂಡಮಾರುತದ ಮಳೆ, ಅಕಾಲಿಕ ಮಳೆಗೆ ಪರಿಹಾರ ಕೇಳಬಹುದು. 72 ಗಂಟೆಯೊಳಗೆ ತಿಳಿಸಬೇಕು. ಆದರೆ ಆ ನಿಯಮ ಇರುವುದು ಕೊಯ್ದು ಗದ್ದೆಯಲ್ಲೇ ಒಣಗಲು ಹರವಿದ ಬೆಳೆಗೆ. ಮಿಷನ್ನಿನಿಂದ ಕಾಳಾಗಿ ರಸ್ತೆಗೆ ಬಂದ ಭತ್ತಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ತಾತನ ಕಾಲದ ಒಕ್ಕಲುತನಕ್ಕೆ ಬರೆದಂತಿದೆ.

ಬಳ್ಳಾರಿ ನಗರದ ಪಾಡು ಸಂಕ್ಷಿಪ್ತ. ಕೌಲ್ ಬಜಾರ್ ಕಡೆ ಹೋದರೆ ಜೀನ್ಸ್ ಪ್ಯಾಂಟುಗಳು ಬಣ್ಣ ಹಾಕಿಸಿಕೊಂಡು ಬಿಸಿಲಿಗೆ ನೇತಾಡುತ್ತಿರುತ್ತವೆ. ಮೋಡ ಮುಚ್ಚಿದರೆ ಆ ಕೂಲಿಕಾರರಿಗೂ ಕೆಲಸವಿಲ್ಲ. ಮಳೆ ಜೋರಾದರೆ ಸತ್ಯನಾರಾಯಣಪೇಟೆಯ ರೈಲ್ವೆ ಅಂಡರ್‌ಬ್ರಿಡ್ಜ್‌ನಲ್ಲಿ ನೀರು ನಿಲ್ಲುತ್ತದೆ. ಉಳಿದಂತೆ ನಗರಕ್ಕೆ ತುಫಾನೆಂದರೆ ಮಿರ್ಚಿ, ಮಂಡಕ್ಕಿ ತಿನ್ನುವ ಹವಾ.

ದೊಡ್ಡ ಮಿಲ್ಲುಗಳಲ್ಲಿ ಈಗ ಸಿಮೆಂಟಿನ ಅಂಗಳ ಇಲ್ಲ, ಡ್ರೈಯರ್ ಇದೆ. ಹೊಟ್ಟು ಉರಿಸಿ ಬಿಸಿಗಾಳಿ ಊದಿ ರಾತ್ರಿಯೂ ಒಣಗಿಸುತ್ತಾರೆ. ಮಿಲ್ಲಿಗೆ ತುಫಾನಿನ ಭಯ ಹೋಗಿದೆ. ಉಳಿದದ್ದು ರೈತನಿಗೆ. ಅದೇ ಡ್ರೈಯರನ್ನು ಊರಿಗೊಂದರಂತೆ ಸಹಕಾರ ಸಂಘದ ಅಂಗಳದಲ್ಲಿ ನಿಲ್ಲಿಸಿದರೆ ಯಾವ ಅಲರ್ಟೂ ಇಷ್ಟು ಹೆದರಿಸಲಾರದು ಎಂದು ನಾನು ಹಲವರ ಮುಂದೆ ಹೇಳಿದ್ದೇನೆ. ಹೌದೌದು ಎಂದು ತಲೆ ಆಡಿಸಿದ್ದಾರೆ.

2025ರ ಅಕ್ಟೋಬರ್ ಕೊನೆಯಲ್ಲಿ ಮೊಂತಾ ಎದ್ದಾಗ ಅಕ್ಕನ ಮಗ ಕುರುಗೋಡಿನಿಂದ ಫೋನು ಮಾಡಿದ. ಅದು ಮಚಲೀಪಟ್ಟಣದ ಆಚೆ ದಾಟಿ ತೆಲಂಗಾಣದ ಕಡೆ ಹೋಯಿತು, ಭತ್ತವೂ ಇನ್ನೂ ಹಸಿ, ಬಚಾವಾದೆವು. ಆದರೆ ಡ್ಯಾಮಿನ ಗೇಟು ಬದಲಿಸಲೆಂದು ಆ ವರ್ಷ ಎರಡನೇ ಬೆಳೆಗೆ ನೀರಿಲ್ಲವೆಂದಾದ ಮೇಲೆ ಅವನ ಫೋನು ಹೆಚ್ಚಾದವು. ಇರುವುದೊಂದೇ ಬೆಳೆ. “ಮಾವ, ಮತ್ತೆ ಕೊಲ್ಲಿಯಾಗ ಏನೋ ಎದ್ದೈತಂತೆ. ಕೊಯ್ಸಿಬಿಡ್ಲಾ, ನಾಕು ದಿನ ನೋಡ್ಲಾ?” ಎಂದ. ಆಕಾಶದ ಸುದ್ದಿ ಅವನ ಕೈಯಲ್ಲೇ ಇತ್ತು, ನನಗಿಂತ ಚೆನ್ನಾಗಿ.

“ಮೊದ್ಲು ಸಿರುಗುಪ್ಪಕ್ಕೆ ಹೋಗಿ, ಡ್ರೈಯರ್ ಇರೋ ಮಿಲ್ಲುಗಳ ಮುಂದೆ ಎಷ್ಟು ಗಾಡಿ ನಿಂತಿದಾವೆ ಎಣಿಸ್ಕೊಂಡು ಬಾ. ಆಮೇಲೆ ಮಿಷನ್ನಿಗೆ ಹೇಳು” ಎಂದೆ.